ಎಲೆ ಉದುರಿಸಿದ ತುಳಸಿ

“ಗುರುಗಳೇ, ದುಃಖದಲ್ಲಿರುವವರಿಗೆ ಹೇಳಬೇಕಾದ ಮಾತನ್ನೆಲ್ಲ ಹೇಳಿ ಮುಗಿಸಿದ ಮೇಲೆ ಇನ್ನೇನು ಹೇಳಬೇಕು?”

ಕೇಳಿದವನು ತ್ರ್ಯಂಬಕ. ಗುರುಗಳ ಶಿಷ್ಯರಲ್ಲಿ ಹಿಡಿದ ಪಟ್ಟು ಬಿಡದವನೆಂದು ಹೆಸರಾದವನು. ಅರ್ಥವಾಗದ ಶ್ಲೋಕವೊಂದು ಸಿಕ್ಕಿದರೆ ಅದನ್ನು ಬಗ್ಗಿಸುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಈಗ ಅವನಿಗೆ ಸಿಕ್ಕಿದ್ದು ಶ್ಲೋಕವಲ್ಲ, ಸ್ವಂತ ತಂಗಿ.

ತಂಗಿ ಅಂಬುಜಳ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಐದು ವರ್ಷದ ಮಗು. ಅಂದಿನಿಂದ ತ್ರ್ಯಂಬಕ ದಿನವೂ ಪಾಠ ಮುಗಿಸಿ ಹೊಳೆಯಾಚೆಯ ತಂಗಿಯ ಮನೆಗೆ ಹೋಗುತ್ತಿದ್ದ, ಸಮಾಧಾನ ಹೇಳಿ ಬರುತ್ತಿದ್ದ. ಇವತ್ತೂ ಹೊರಟು ನಿಂತಿದ್ದ. ಬಗಲಲ್ಲಿ ಬಟ್ಟೆ ಸುತ್ತಿದ ಎರಡು ಪುಸ್ತಕಗಳಿದ್ದವು.

“ಏನೇನು ಹೇಳಿದೆ?” ಎಂದರು ಗುರುಗಳು.

“ಎಲ್ಲವನ್ನೂ ಹೇಳಿದೆ. ಮಗುವನ್ನು ಎತ್ತಿಕೊಂಡು ಹೊರಟ ದಿನವೇ ಹೇಳಿದೆ, ‘ಅಳಬೇಡ ಅಂಬುಜ, ಹೆತ್ತವಳ ಕಣ್ಣೀರು ಬಿದ್ದರೆ ಮಗುವಿಗೆ ಮುಂದಿನ ದಾರಿ ಸಾಗುವುದಿಲ್ಲ’ ಎಂದು. ಅವಳು ಎಂದೂ ನನ್ನ ಮಾತು ಮೀರಿದವಳಲ್ಲ. ಅಂದಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ಆಮೇಲೆ ಆತ್ಮದ ವಿಷಯ ಹೇಳಿದೆ, ಕರ್ಮದ ವಿಷಯ ಹೇಳಿದೆ. ಕೇರಿಯ ಹೆಂಗಸರೂ ಸರದಿಯ ಮೇಲೆ ಬಂದು ಹೇಳಿ ಹೋಗುತ್ತಾರೆ. ಆದರೂ ಗುರುಗಳೇ, ಅವಳು ಊಟ ಬಿಟ್ಟಿದ್ದಾಳೆ, ಮಾತು ಬಿಟ್ಟಿದ್ದಾಳೆ. ಕೂತಲ್ಲೇ ಕೂತಿರುತ್ತಾಳೆ. ದಿನದಿನಕ್ಕೆ ಸೊರಗುತ್ತಿದ್ದಾಳೆ. ಮಗು ಹೋಯಿತು, ತಂಗಿಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಇನ್ನು ಯಾವ ಗ್ರಂಥವಿದೆ ಹೇಳಿ, ಇವತ್ತೇ ಒಯ್ದು ಓದುತ್ತೇನೆ.”

“ಗ್ರಂಥ ಆಮೇಲೆ ನೋಡೋಣ, ಮೊದಲು ಕುಳಿತುಕೋ” ಎಂದರು ಗುರುಗಳು.

ತ್ರ್ಯಂಬಕ ಕುಳಿತ. ಪುಸ್ತಕಗಳನ್ನು ಬಗಲಿನಿಂದ ತೆಗೆಯಲಿಲ್ಲ. ಗುರುಗಳು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ವಿಷಯ ಇಷ್ಟೇ ಸಾಕು, ಕತೆಗೆ ಅವನಿಂದ ಹೆಚ್ಚು ಉಪಯೋಗವಿಲ್ಲ. ಕತೆ ಅವನ ಹೆಂಡತಿಯದು, ಅವನ ಕಿರಿಯ ಸೊಸೆಯದು, ಮತ್ತು ಮನೆಯೊಳಗಿದ್ದ ಒಂದು ತುಳಸಿಗಿಡದ್ದು.

ಅವರದು ತೊಟ್ಟಿಮನೆ. ಸುತ್ತ ಪಡಸಾಲೆ, ನಡುವೆ ಆಕಾಶ ಕಾಣುವ ತೊಟ್ಟಿ. ತೊಟ್ಟಿಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿನ ಕುಂಡ, ಕುಂಡದಲ್ಲಿ ತುಳಸಿ. ವ್ಯಾಪಾರಿಯ ಹೆಂಡತಿ ಮದುವಣಗಿತ್ತಿಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜದ ವಂಶ ಅದು. ಒಂದು ಗಿಡ ಮುದಿಯಾದರೆ ಅದರದೇ ಬೀಜದಿಂದ ಇನ್ನೊಂದು. ಕುಂಡ ಬರಿದಾದದ್ದೇ ಇಲ್ಲ. ಆ ಹೆಂಗಸಿಗೆ ಅದು ಗಿಡವಲ್ಲ, ಹೆತ್ತ ಮಗಳು. ಐದು ಜನ ಗಂಡುಮಕ್ಕಳಾದರು, ಹೆಣ್ಣೊಂದು ಆಗಲಿಲ್ಲ. ಕಾರ್ತಿಕದಲ್ಲಿ ನೆಲ್ಲಿಕೊಂಬೆ ನೆಟ್ಟು ತುಳಸಿಯ ಮದುವೆ ಮಾಡುವಾಗ ಪ್ರತಿವರ್ಷವೂ ಅವಳ ಕಣ್ಣು ತುಂಬಿ ಬರುತ್ತಿತ್ತು.

ಉಳಿದಂತೆ ಅವಳು ಕಣ್ಣು ತುಂಬಿಕೊಳ್ಳುವ ಪೈಕಿಯಲ್ಲ. ಅವಳು ಒಂದು ಕಟ್ಟಳೆ ಮಾಡಿದಳೆಂದರೆ ಮುಗಿಯಿತು. ಗಂಡ ಅಂಗಡಿಯಲ್ಲಿ ಎಷ್ಟು ಜೋರು ಮಾಡಿದರೂ ಹೊಸಿಲು ದಾಟಿದ ಮೇಲೆ ಹೂಂ ಅನ್ನುವವನೇ. ಅವಳ ಕಟ್ಟಳೆಗಳಲ್ಲಿ ಎರಡನ್ನು ನೀನು ನೆನಪಿಟ್ಟುಕೊಳ್ಳಬೇಕು. ಮನೆಯ ಹೆಂಗಸರು ಮಿಂದು ತುಳಸಿಗೆ ಒಂದು ಗಿಂಡಿ ನೀರೆರೆಯದೆ ಬಾಯಿಗೆ ಅನ್ನ ಇಡುವ ಹಾಗಿಲ್ಲ. ಸೊಸೆಯರೆಲ್ಲ ಉಂಡೆದ್ದ ಮೇಲೆಯೇ ಅತ್ತೆ ಎಲೆಯ ಮುಂದೆ ಕೂರುವುದು. ಮೊದಲನೆಯದು ದೇವರಿಗಾಗಿ. ಎರಡನೆಯದು, ತನ್ನ ಮನೆಯಲ್ಲಿ ಸೊಸೆಯಂದಿರು ಹಸಿದಿರುತ್ತಾರೆಂದು ಊರಿನಲ್ಲಿ ಯಾರೂ ಆಡಿಕೊಳ್ಳಬಾರದೆಂದು.

ಒಬ್ಬೊಬ್ಬಳೇ ಸೊಸೆ ಬಂದ ಹಾಗೆ ತುಳಸಿಗೆ ಒಂದೊಂದು ಗಿಂಡಿ ನೀರು ಹೆಚ್ಚಾಯಿತು. ಗಿಡ ಚೆನ್ನಾಗಿಯೇ ಇತ್ತು. ಮಗ್ಗುಲಿಗೆಲ್ಲ ಕವಲೊಡೆದು ಕುಂಡವೇ ಕಾಣದ ಹಾಗೆ ಹರಡಿಕೊಂಡಿತ್ತು.

ಕೊನೆಯ ಮಗನ ಮದುವೆಯಾಯಿತು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ನೆಂಟರು ಇಷ್ಟೇ ಎಂದು ಹೇಳುವ ಹಾಗಿಲ್ಲ, ಅಷ್ಟು ಜನ. ಅತ್ತೆ ತೊಟ್ಟಿಗೆಲ್ಲ ಹೊಸ ಗಾರೆ ಹಾಕಿಸಿದ್ದಳು. ಕುಂಡಕ್ಕೆ ಸುಣ್ಣ ಬಳಿಸಿ, ಕೆಮ್ಮಣ್ಣಿನ ಪಟ್ಟೆ ಎಳೆಸಿದ್ದಳು. ಕಿರಿಯ ಸೊಸೆ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದಳು. ಮರುದಿನ ಮಿಂದು ಬಂದು ತನ್ನ ಪಾಲಿನ ಗಿಂಡಿ ನೀರೆರೆದಳು.

ಅದಾದ ಸ್ವಲ್ಪ ದಿನಕ್ಕೇ ತುಳಸಿ ಎಲೆ ಉದುರಿಸತೊಡಗಿತು.

ಮೊದಲು ಬುಡದ ಎಲೆಗಳು ಹಳದಿಯಾಗಿ ಬಿದ್ದವು. ಹಳೆಯ ಎಲೆ, ಬೀಳಲಿ ಎಂದರು. ಆಮೇಲೆ ನಡುವಿನವು ಬಿದ್ದವು. ಆಮೇಲೆ ಹಸಿರಾಗಿದ್ದವೂ ತೊಟ್ಟು ಕಳಚಿ ಬಿದ್ದವು. ಬೆಳಗಾದರೆ ಕುಂಡದ ಸುತ್ತ ಎಲೆಯ ಹಾಸಿಗೆ.

ಆ ಊರಿನಲ್ಲಿ ಮದ್ದು ಹೇಳುವುದಕ್ಕೆ ಬಡತನವಿರಲಿಲ್ಲ. ಒಬ್ಬಳು ಹಾಲೆರೆಯಿರಿ ಎಂದಳು, ಎರೆದರು. ಕುಂಡಕ್ಕೆ ಇರುವೆ ಮುತ್ತಿತು. ಇನ್ನೊಬ್ಬಳು ದೃಷ್ಟಿಯಾಗಿದೆ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದರು, ಗಿಡಕ್ಕೆ ಏನೂ ಆಗಲಿಲ್ಲ. ಪುರೋಹಿತರು ಬಂದು ನೋಡಿ ಭಕ್ತಿ ಸಾಲದು ಎಂದರು. ಅತ್ತೆ ಅಂದಿನಿಂದ ಸಂಜೆಯೂ ಒಂದೊಂದು ಗಿಂಡಿ ನೀರೆರೆಯಬೇಕೆಂದು ಕಟ್ಟಳೆ ಮಾಡಿದಳು.

ಈಗ ಕುಂಡದ ಮೇಲೆ ಸದಾ ನೀರು ನಿಲ್ಲುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಬರುವುದು ಹೋಗಲಿ, ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, “ನೋಡ್ರೇ, ತುಳಸಮ್ಮ ತಾನೇ ತೀರ್ಥ ಕೊಡ್ತಿದ್ದಾಳೆ” ಎಂದು ಆ ನೀರನ್ನು ಕೈಯಲ್ಲಿ ಬಳಿದು ಎಲ್ಲರ ತಲೆಗೂ ಪ್ರೋಕ್ಷಿಸುತ್ತಿದ್ದಳು. ಸೊಸೆಯರು ತಲೆ ಬಾಗಿ ಪ್ರೋಕ್ಷಿಸಿಕೊಳ್ಳುತ್ತಿದ್ದರು. ಎಲೆ ಉದುರುತ್ತಲೇ ಇತ್ತು.

ಮದ್ದು ಮುಗಿದ ಮೇಲೆ ಜನ ಕಾರಣ ಹುಡುಕುತ್ತಾರೆ. ಕಾರಣ ಕಣ್ಣೆದುರಿಗೇ ಓಡಾಡುತ್ತಿತ್ತು. ಹೊಸ ಸೊಸೆಯ ಕಾಲ್ಗುಣ ಎಂದು ಮೊದಲು ಬೀದಿಯವರು ಪಿಸುಗುಟ್ಟಿದರು. ಆಮೇಲೆ ಓರಗಿತ್ತಿಯರು ಅಡುಗೆಮನೆಯಲ್ಲಿ ಕಣ್ಣುಕಣ್ಣು ನೋಡಿಕೊಂಡರು. ಕೊನೆಗೆ ಒಂದು ದಿನ ಅತ್ತೆ ಬಾಯಿಬಿಟ್ಟು ಹೇಳಿಯೇ ಬಿಟ್ಟಳು.

“ಕಾರ್ತಿಕದ ಹಬ್ಬದ ತನಕ ನೋಡ್ತೀನಿ. ಬೋಳು ಗಿಡಕ್ಕೆ ಮದುವೆ ಮಾಡೋಕೆ ನನ್ನ ಕೈಲಾಗಲ್ಲ. ಅಷ್ಟರೊಳಗೆ ಚಿಗುರದೆ ಹೋದ್ರೆ ನಿನ್ನನ್ನ ನಿಮ್ಮಪ್ಪನ ಮನೆಗೆ ಬಿಟ್ಟು ಬರ್ತಾರೆ.”

ಹಾಗೆ ಬಿಟ್ಟು ಬಂದವರನ್ನು ಮತ್ತೆ ಯಾರೂ ಕರೆಯಲು ಹೋಗುವುದಿಲ್ಲವೆಂದು ಕಿರಿಯ ಸೊಸೆಗೆ ಗೊತ್ತಿತ್ತು. ಗಂಡನ ಮುಖ ನೋಡಿದಳು. ಅವನು ತಾಯಿಯ ಮುಖ ನೋಡುತ್ತಿದ್ದ.

ಆ ಮಾತಿನ ಮರುದಿನದಿಂದ ಬಿದ್ದ ಎಲೆ ಆರಿಸುವ ಕೆಲಸವನ್ನು ಅವಳ ತಲೆಗೇ ಕಟ್ಟಿದರು. ತುಳಸಿಯೆಲೆಗೆ ಪೊರಕೆ ಮುಟ್ಟಿಸುವ ಹಾಗಿಲ್ಲ, ಬಗ್ಗಿ ಒಂದೊಂದಾಗಿ ಕೈಯಿಂದಲೇ ಎತ್ತಬೇಕು. ಕೆಲವು ಎಲೆ ಕುಂಡದೊಳಗೇ ಬಿದ್ದಿರುತ್ತಿದ್ದವು. ಒಂದು ದಿನ ಅವನ್ನು ಎತ್ತುವಾಗ ಅವಳ ಬೆರಳು ಗೆಣ್ಣಿನವರೆಗೆ ಮಣ್ಣಿನೊಳಗೆ ಹೂತುಹೋಯಿತು. ಮಣ್ಣು ಎಂದರೆ ಮಣ್ಣಲ್ಲ, ಕೆಸರು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಬಚ್ಚಲ ಮೋರಿಯ ನಾತ.

ಇಷ್ಟು ದಿನ ಯಾರಿಗೂ ಇದು ಯಾಕೆ ತಿಳಿಯಲಿಲ್ಲ ಎಂದು ನೀನು ಕೇಳಬಹುದು. ದೇವರಿಗೆ ಸಲ್ಲುವುದನ್ನು ಆ ಮನೆಯಲ್ಲಿ ಯಾರೂ ಮೂಸುವುದಿಲ್ಲ. ಹೂವನ್ನೂ ಮೂಗಿನಿಂದ ದೂರ ಹಿಡಿದೇ ತರುತ್ತಾರೆ. ತುಳಸಿಯ ಮಣ್ಣನ್ನು ಮೂಸಿ ನೋಡುವ ಯೋಚನೆ ಯಾರಿಗೆ ಬಂದೀತು? ಕಿರಿಯ ಸೊಸೆಗೂ ಮೂಸಿದ ಮೇಲೆ ಭಯವಾಯಿತು. ಆದರೆ ಮೂಸಿ ಆಗಿತ್ತು.

ಅವಳು ನೇರವಾಗಿ ಅಡುಗೆಮನೆಗೆ ಹೋದಳು. ಅತ್ತೆಯೂ ಓರಗಿತ್ತಿಯರೂ ಅಲ್ಲೇ ಇದ್ದರು.

“ಅತ್ತೆ, ಗಿಡಕ್ಕೆ ನೀರು ಜಾಸ್ತಿಯಾಗಿದೆ. ಬೇರು ಕೊಳೀತಿದೆ. ಸ್ವಲ್ಪ ದಿನ ಯಾರೂ ನೀರು ಹಾಕೋದು ಬೇಡ.”

ಎಲ್ಲರೂ ಒಟ್ಟಿಗೇ ಮಾತಾಡಿದರು. ಒಬ್ಬಳು, “ನಾನು ಹಾಕೋದು ಒಂದೇ ಗಿಂಡಿ ಕಣೇ” ಎಂದಳು. ಇನ್ನೊಬ್ಬಳು, “ನಂದೂ ಒಂದೇ” ಎಂದಳು. ಒಬ್ಬಳೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರದೂ ಒಂದೇ ಗಿಂಡಿ.

ಅತ್ತೆ ಕೈಯೆತ್ತಿದಳು. “ಒಂದು ತೊಟ್ಟು ನೀರು ಕಮ್ಮಿ ಮಾಡಲ್ಲ. ನೀರೆರೀದೆ ಉಣ್ಣೋ ಹಾಗೂ ಇಲ್ಲ. ಈ ಮನೆ ಕಟ್ಟಳೆ ನಿನಗೆ ಗೊತ್ತು” ಎಂದಳು.

“ಗೊತ್ತು ಅತ್ತೆ” ಎಂದಳು ಕಿರಿಯ ಸೊಸೆ. ತನ್ನ ಗಿಂಡಿಯನ್ನು ಗೂಡಿನಲ್ಲಿ ಬೋರಲು ಹಾಕಿದಳು. ತೊಟ್ಟಿಗೆ ಬಂದು ಕುಂಡದ ಪಕ್ಕ ಕೂತಳು.

ಯಾರ ಕಣ್ಣಿಗೂ ಬೀಳದ ಹಾಗೆ ಗಿಂಡಿಯ ನೀರನ್ನು ಬಚ್ಚಲಿಗೆ ಸುರಿದು ಬಂದು ಉಣ್ಣಬಹುದಿತ್ತು. ಅದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಕದ್ದು ಉಳಿಸಿದರೆ ಗಿಡ ಉಳಿದರೂ ತನ್ನ ಮಾತು ಉಳಿಯುವುದಿಲ್ಲ ಎಂದುಕೊಂಡಳು. ನೀರೆರೆಯದವಳು ಉಣ್ಣಬಾರದು ಎಂದಲ್ಲವೇ ಕಟ್ಟಳೆ? ಸರಿ, ಉಣ್ಣುವುದಿಲ್ಲ. ಕಟ್ಟಳೆಯನ್ನು ಅವಳು ಮುರಿಯಲಿಲ್ಲ, ಅದರ ಮೇಲೇ ಕೂತುಬಿಟ್ಟಳು.

“ಗಟ್ಟಿಗಿತ್ತಿ!” ಎಂದ ತ್ರ್ಯಂಬಕ. ಅವನ ಮುಖ ಅರಳಿತ್ತು. ಆ ಸೊಸೆ ತನ್ನ ಪೈಕಿಯವಳೆಂದು ಅವನಿಗೆ ಆಗಲೇ ಅನ್ನಿಸಿಬಿಟ್ಟಿತ್ತು.

“ಗಟ್ಟಿಗಿತ್ತಿಯೇ. ಅತ್ತೆಯೂ ಏನು ಕಡಿಮೆಯಿರಲಿಲ್ಲ” ಎಂದು ಗುರುಗಳು ಕತೆ ಮುಂದುವರಿಸಿದರು.

ಮಧ್ಯಾಹ್ನ ಎಲೆ ಹಾಕಿದರು. ಸೊಸೆಯರು ಉಂಡರು. ಕಿರಿಯವಳ ಎಲೆ ಹಾಗೇ ಉಳಿಯಿತು. ಅತ್ತೆ ಕಂಬಕ್ಕೊರಗಿ ಕಾದಳು. ಇನ್ನೇನು ಬಂದಾಳು ಎಂದುಕೊಂಡಳು. ಬರಲಿಲ್ಲ. ಆಗ ಎರಡನೆಯ ಕಟ್ಟಳೆ ಅವಳ ಕಾಲಿಗೇ ತೊಡರಿಕೊಂಡಿತು. ಸೊಸೆಯರೆಲ್ಲ ಉಂಡ ಮೇಲಲ್ಲವೇ ಅತ್ತೆ ಉಣ್ಣಬೇಕು? ಒಬ್ಬಳು ಉಂಡಿಲ್ಲ. ಅತ್ತೆ ಹೊಟ್ಟೆಯ ಮೇಲೆ ಸೆರಗು ಬಿಗಿದುಕೊಂಡು ಒಳಗೆ ಹೋಗಿ ಮಲಗಿದಳು.

ಸಂಜೆಯೂ ಹಾಗೇ ಆಯಿತು. ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಮೆಲ್ಲಗಾಯಿತು. ವ್ಯಾಪಾರಿ ಅಂಗಡಿಗೆ ಹೊರಟವನು ತೊಟ್ಟಿಯಲ್ಲಿ ಕೂತ ಸೊಸೆಯನ್ನೂ, ಒಳಗೆ ಮಲಗಿದ ಹೆಂಡತಿಯನ್ನೂ ನೋಡಿದ. ಹೆಂಗಸರ ವಿಷಯ ಎಂದುಕೊಂಡು ಎಂದಿಗಿಂತ ಬೇಗ ಅಂಗಡಿಗೆ ಹೋದ. ಅವನ ಬುದ್ಧಿವಂತಿಕೆ ಅಷ್ಟರಮಟ್ಟಿನದು.

ಹಿರಿಯ ಓರಗಿತ್ತಿ ಒಂದು ಲೋಟ ಮಜ್ಜಿಗೆ ತಂದು ಕಿರಿಯವಳ ಮುಂದೆ ಹಿಡಿದಳು. “ಅತ್ತೆ ಇತ್ತ ನೋಡ್ತಿಲ್ಲ, ಕುಡಿದುಬಿಡೆ” ಎಂದಳು.

“ಬೇಡ ಅಕ್ಕ” ಎಂದಳು. ತಲೆ ಸುತ್ತುತ್ತಿತ್ತು, ಬಾಯಿ ಒಣಗಿತ್ತು. ಎದೆಯೊಳಗೆ ಹೆದರಿಕೆಯೂ ಇತ್ತು. ತನ್ನ ಒಂದು ಗಿಂಡಿ ಉಳಿದದ್ದರಿಂದ ಏನೂ ಆಗಿರಲಿಲ್ಲ. ಉಳಿದವರು ಎರಡು ಹೊತ್ತೂ ತಪ್ಪದೆ ಎರೆಯುತ್ತಿದ್ದರು. ಅವಳ ಕಣ್ಣೆದುರಿಗೇ ಎಲೆ ಉದುರುತ್ತಿತ್ತು. ತವರಿಗೆ ಹೋಗುವ ದಾರಿ ಕಣ್ಣ ಮುಂದೆ ಬರುತ್ತಿತ್ತು. ಆದರೂ ಏಳಲಿಲ್ಲ.

ಬಿಸಿಲು ತೊಟ್ಟಿಯಿಂದ ಸರಿಯುವ ಹೊತ್ತಿಗೆ ಅತ್ತೆ ಎದ್ದು ಬಂದಳು. ನಡೆಯುವಾಗ ಗೋಡೆ ಹಿಡಿದುಕೊಂಡಿದ್ದಳು. ವಯಸ್ಸಾದ ಹೆಂಗಸು, ಎರಡು ದಿನದ ಹಸಿವು. ಕುಂಡದ ಇನ್ನೊಂದು ಪಕ್ಕದಲ್ಲಿ ಕೂತಳು. ಇಬ್ಬರ ನಡುವೆ ತುಳಸಿ. ಅದರಲ್ಲಿ ಎಲೆಗಿಂತ ಕಡ್ಡಿಯೇ ಹೆಚ್ಚಾಗಿತ್ತು.

“ಎಲೆ ಉದುರೋಕೆ ಶುರುವಾದಾಗಲೂ ಹೆಚ್ಚುಕಮ್ಮಿ ಮುಂಚಿನಷ್ಟೇ ನೀರು ಬೀಳ್ತಿತ್ತು” ಎಂದಳು ಅತ್ತೆ. ದನಿಯಲ್ಲಿ ಬೈಗುಳ ಇರಲಿಲ್ಲ, ಸಂಕಟ ಇತ್ತು. “ಎರಡು ಹೊತ್ತು ಎರೆಯೋಕೆ ಹಚ್ಚಿದ್ದು ಎಲೆ ಉದುರೋಕೆ ಶುರುವಾದ ಮೇಲೆ. ಅದಕ್ಕೆ ಮುಂಚೆ ಹೆಚ್ಚಾಗಿದ್ದು ನಿನ್ನ ಒಂದು ಗಿಂಡಿ. ಒಂದು ಗಿಂಡಿ ನೀರಿಗೆ ಬೇರು ಕೊಳೆಯುತ್ತಾ? ಹಿಂದೆ ಒಂದು ಮಳೆಗಾಲದಲ್ಲಿ ವಾರಗಟ್ಟಲೆ ಸುರೀತು, ಆಗಲೂ ಈ ಗಿಡಕ್ಕೆ ಏನೂ ಆಗಲಿಲ್ಲ. ನೀನೇ ಹೇಳು, ನಾನು ನಿನ್ನನ್ನಲ್ಲದೆ ಇನ್ಯಾರನ್ನ ಅನ್ನಲಿ?”

ಕಿರಿಯ ಸೊಸೆ ಯೋಚಿಸಿದಳು. ಅತ್ತೆ ಹೇಳುವುದು ನಿಜ. ಒಂದು ಗಿಂಡಿಗೆ ಬೇರು ಕೊಳೆಯುವುದಿಲ್ಲ. ಅವಳಿಗೆ ತಾನು ಹಿಡಿದ ಹಟವೇ ತಪ್ಪೇನೋ ಎನ್ನಿಸಿತು. ಹಾಗೆ ಅನ್ನಿಸಿದ್ದರಿಂದಲೇ ಅವಳ ಬಾಯಿಂದ ಆ ಪ್ರಶ್ನೆ ಬಂತು.

“ಅತ್ತೆ, ಆ ಮಳೆಗಾಲದಲ್ಲಿ ಹೆಚ್ಚಾದ ನೀರು ಎಲ್ಲಿಗೆ ಹೋಗ್ತಿತ್ತು?”

“ಎಲ್ಲಿಗೆ ಅಂದ್ರೆ? ಕುಂಡದ ಬುಡದಲ್ಲಿ...” ಎಂದು ಅತ್ತೆ ಕೈತೋರಿಸಲು ಹೋದಳು. ಕೈ ಅರ್ಧಕ್ಕೇ ನಿಂತಿತು.

ಕುಂಡದ ಬುಡದಲ್ಲಿ ಬೆರಳು ಹೋಗುವಷ್ಟು ಒಂದು ತೂತಿತ್ತು. ಹೆಚ್ಚಾದ ನೀರು ಅದರಿಂದ ಇಳಿದು ತೊಟ್ಟಿಯ ನೆಲದ ಮೇಲೆ ಹರಿದು ಮೋರಿಗೆ ಹೋಗುತ್ತಿತ್ತು. ಮನೆಯವರಿಗೆಲ್ಲ ಆ ನೀರು ದಾಟಿ ನಡೆಯುವುದು ಅಭ್ಯಾಸವಾಗಿತ್ತು. ಆದರೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಹತ್ತಿರವಾದಾಗ ಅತ್ತೆಗೆ ಒಂದು ಚಿಂತೆ ಹತ್ತಿತು. ಊರ ನೆಂಟರೆಲ್ಲ ಬರುತ್ತಾರೆ. ತುಳಸಿಯ ಬುಡದಿಂದ ಬಂದದ್ದು ತೀರ್ಥ. ಅಷ್ಟು ಜನರ ಕಾಲು ಅದರ ಮೇಲೆ ಬಿದ್ದರೆ ಅದಕ್ಕಿಂತ ಪಾಪ ಇನ್ನುಂಟೇ? ಗಾರೆಯವನಿಂದ ಒಂದು ಮುದ್ದೆ ಗಾರೆ ಇಸಿದುಕೊಂಡಳು. ಆ ಕೆಲಸವನ್ನು ಬೇರೆಯವರಿಗೆ ಹೇಳಲಿಲ್ಲ. ಮಿಂದು, ಮಡಿಯುಟ್ಟು, ಕೈಮುಗಿದು, ತಾನೇ ತೂತಿಗೆ ಮೆತ್ತಿದಳು. ಮೇಲೆ ಸುಣ್ಣ ಬಿತ್ತು. ಕೆಮ್ಮಣ್ಣಿನ ಪಟ್ಟೆ ಬಂತು. ತೂತು ಎಲ್ಲಿತ್ತೆಂದು ಅವಳಿಗೇ ಮರೆತುಹೋಯಿತು.

ಅತ್ತೆ ಕೈಯನ್ನು ಮಡಿಲಿಗೆ ತೆಗೆದುಕೊಂಡು ನೋಡಿಕೊಂಡಳು, ಅದು ತನ್ನದೇ ಕೈಯೋ ಅಲ್ಲವೋ ಎಂಬಂತೆ. ಬೇರೆ ಯಾರಾದರೂ ಆಗಿದ್ದರೆ ಈಗಲೂ ಎದ್ದು ಹೋಗುತ್ತಿದ್ದರು. ಮರುದಿನ ಯಾರಿಗೂ ಹೇಳದೆ ತೂತು ಬಿಡಿಸಿ, ಗಿಡ ಚಿಗುರಿದರೆ ದೇವರ ದಯೆ ಎನ್ನುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ಹಟಮಾರಿ ನಿಜ, ಆದರೆ ಒಳಗಡೆ ನೇರ.

“ಎಲ್ಲರೂ ಬನ್ರೇ ಇಲ್ಲಿ” ಎಂದು ಕೂಗಿದಳು.

ಸೊಸೆಯರು ಬಂದು ಪಡಸಾಲೆಯ ಅಂಚಿನಲ್ಲಿ ನಿಂತರು. ಅತ್ತೆ ಅಡುಗೆಮನೆಯಿಂದ ಕಬ್ಬಿಣದ ಊದುಕೊಳವೆ ತರಿಸಿದಳು. ಬುಡದ ಸುಣ್ಣವನ್ನು ಉಗುರಿನಿಂದ ಕೆರೆದಳು. ಗಾರೆ ಸಿಕ್ಕಿತು. ಊದುಕೊಳವೆಯ ತುದಿಯಿಟ್ಟು ಕುಟ್ಟಿದಳು. ಎರಡು ದಿನ ಉಣ್ಣದ ಕೈಯಲ್ಲಿ ಶಕ್ತಿ ಸಾಲಲಿಲ್ಲ. ಕಿರಿಯ ಸೊಸೆ ತನ್ನ ಕೈಯನ್ನೂ ಸೇರಿಸಿದಳು. ಅವಳ ಕೈಯಲ್ಲೂ ಅಷ್ಟಕ್ಕಷ್ಟೇ. ಇಬ್ಬರೂ ಕುಟ್ಟಿದರು.

ಗಾರೆ ಒಡೆಯಿತು. ನೀರು ಬಂತು. ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವ ಹಾಗೆ ನಾರುವ ನೀರು. ಬೆಳಗ್ಗೆ ಬಿಟ್ಟ ರಂಗೋಲಿಯ ಮೇಲೆ ಹರಿಯಿತು. ಹೊಸ ಗಾರೆಯ ನೆಲದ ಮೇಲೆಲ್ಲ ಹಬ್ಬಿತು. ಅತ್ತೆಯ ಪಾದ ತೊಯ್ದಿತು, ಕಿರಿಯ ಸೊಸೆಯ ಪಾದವೂ ತೊಯ್ದಿತು. ಹಿರಿಯ ಸೊಸೆ ಗಾಬರಿಯಾಗಿ ಬಟ್ಟೆ ತರಲು ಓಡಿದಳು.

“ಒರೆಸ್ಬೇಡ. ಹರೀಲಿ ಬಿಡು” ಎಂದಳು ಅತ್ತೆ. “ನಾನೇ ಮುಚ್ಚಿದ್ದು ಕಣ್ರೇ. ತೂತು ಮುಚ್ಚಿದವಳು ನಾನು, ಅನ್ನಿಸಿಕೊಂಡವಳು ಇವಳು.”

ನೀರು ಕಪ್ಪು ಹೋಗಿ ಕೆಂಪಾಗಿ, ಕೆಂಪು ಹೋಗಿ ತಿಳಿಯಾಗುವವರೆಗೆ ಯಾರೂ ಅಲ್ಲಾಡಲಿಲ್ಲ. ಅತ್ತೆ ಅಳುತ್ತಿದ್ದಳು. ತುಳಸಿಯ ಮದುವೆಯ ದಿನ ಕಣ್ಣು ತುಂಬಿಕೊಳ್ಳುವ ಹಾಗಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕಿರಿಯ ಸೊಸೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಕೊನೆಗೆ ಅತ್ತೆ ಮೂಗೊರೆಸಿಕೊಂಡು, “ಏಳು, ಎಲೆ ಹಾಕಿಸು. ಇಬ್ಬರೂ ಉಣ್ಣೋಣ” ಎಂದಳು.

“ನಾನು ತುಳಸಿಗೆ ನೀರೆರೆದಿಲ್ಲ ಅತ್ತೆ.”

“ಇವತ್ತು ಅದೇ ನಮ್ಮ ಕಾಲಿಗೆ ನೀರೆರೆದಿದೆ. ಸಾಕು, ಬಾ.”

ಇಬ್ಬರೂ ಜೊತೆಯಲ್ಲಿ ಕೂತು ಉಂಡರು. ಆ ಮನೆಯಲ್ಲಿ ಅತ್ತೆ ಸೊಸೆ ಒಂದೇ ಪಂಕ್ತಿಯಲ್ಲಿ ಕೂತದ್ದು ಅದೇ ಮೊದಲು.

ಗಿಡ ಮರುದಿನವೇ ಚಿಗುರಿತು ಎಂದು ನಾನು ಹೇಳುವುದಿಲ್ಲ. ಉದುರಬೇಕಾದ ಎಲೆಗಳು ಉದುರಿಯೇ ಉದುರಿದವು. ಅತ್ತೆ ಅವನ್ನು ತಾನೇ ಬಗ್ಗಿ ಎತ್ತಿದಳು, ಯಾರನ್ನೂ ಬೈಯಲಿಲ್ಲ. ಕಾರ್ತಿಕದ ಹಬ್ಬಕ್ಕೆ ಗಿಡ ಬಹುಪಾಲು ಕಡ್ಡಿಯೇ ಆಗಿತ್ತು. ಗೆಣ್ಣುಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ಹಸಿರು ಇಣುಕಿತ್ತು. ಅತ್ತೆ ನೆಲ್ಲಿಕೊಂಬೆ ನೆಟ್ಟು ಮದುವೆ ಮಾಡಿಯೇ ಮಾಡಿದಳು. ಆರತಿ ಎತ್ತಲು ಕರೆದದ್ದು ಕಿರಿಯ ಸೊಸೆಯನ್ನು.

ಸೊಸೆಯರು ಎಂದಿನಂತೆ ಒಬ್ಬೊಬ್ಬರಾಗಿ ಒಂದೊಂದು ಗಿಂಡಿ ನೀರೆರೆದರು. ನೀರು ಬುಡದಿಂದ ಇಳಿದು ತೊಟ್ಟಿಯಲ್ಲಿ ಹರಿಯಿತು. ಎಲ್ಲರೂ ಸೀರೆ ಎತ್ತಿಕೊಂಡು ಅದನ್ನು ದಾಟಿ ಓಡಾಡಿದರು.

ಗುರುಗಳು ಕತೆ ಮುಗಿಸಿದರು. ತ್ರ್ಯಂಬಕ ಆಗಲೇ ಎದ್ದು ನಿಂತಿದ್ದ.

“ತಿಳಿಯಿತು ಗುರುಗಳೇ. ಅವಳಿಗೆ ಸಮಾಧಾನ ಹೇಳುವವರು ಹೆಚ್ಚಾದರು. ಈಗಲೇ ಹೋಗುತ್ತೇನೆ. ಆ ಕಿರಿಯ ಸೊಸೆ ಕೂತ ಹಾಗೆ ತಂಗಿಯ ಬಾಗಿಲಲ್ಲಿ ಕೂರುತ್ತೇನೆ. ನೀರು ತರುವವರನ್ನು ಒಬ್ಬರನ್ನೂ ಒಳಗೆ ಬಿಡುವುದಿಲ್ಲ.”

“ಕೂರುವೆಯಂತೆ. ಒಂದು ಹೇಳಿ ಹೊರಡು. ಕುಂಡದ ತೂತು ಮುಚ್ಚಿದವರು ಯಾರು?” ಎಂದರು ಗುರುಗಳು.

“ಅತ್ತೆ” ಎಂದ ತ್ರ್ಯಂಬಕ, ಹೊಸಿಲಿನ ಮೇಲೆ ಕಾಲಿಡುತ್ತ.

“ಅಂಬುಜಳ ಕಣ್ಣಿನದ್ದನ್ನು?”

ತ್ರ್ಯಂಬಕನ ಕಾಲು ಹೊಸಿಲಿನ ಮೇಲೆಯೇ ನಿಂತಿತು. ಅವನು ತಿರುಗಿ ಬಂದು ಎರಡೂ ಪುಸ್ತಕಗಳನ್ನು ಗುರುಗಳ ಮುಂದಿಟ್ಟು, ಬರಿಗೈಯಲ್ಲಿ, ಮಾತಿಲ್ಲದೆ, ಹೊಳೆಯ ಕಡೆಗೆ ನಡೆದ.